ಹೊಂಗೆಮಠದ ಸಂಜೆಯ ಕೂಗು

ನನಗೊಂದು ಹ್ಯಾಬಿಟ್ ಇದೆ. ಸಂಜೆ ಊಟಕ್ಕೆ ಕೂರುವ ಮುಂಚೆ ಒಮ್ಮೆ ಮುಂಬಾಗಿಲು ತೆಗೆದು ಹೊರಗೆ ನೋಡುತ್ತೇನೆ. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ನಾನಿರುವುದು ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ, ಲಿಫ್ಟ್ ಕೆಟ್ಟರೆ ಮೊಣಕಾಲು ಅಳುವಷ್ಟು ಮೇಲೆ. ಬಾಗಿಲು ತೆಗೆದರೆ ಕಾಣುವುದು ಎದುರು ಫ್ಲ್ಯಾಟಿನವರ ಚಪ್ಪಲಿ ಸ್ಟ್ಯಾಂಡು, ಯಾರದೋ ಮಗುವಿನ ಪುಟ್ಟ ಸೈಕಲ್ಲು, ಅಷ್ಟೇ. ಒಂದು ನಿಮಿಷ ನಿಂತು, ಬಾಗಿಲು ಹಾಕಿ, ತಟ್ಟೆಯ ಮುಂದೆ ಕೂರುತ್ತೇನೆ. ಅಡುಗೆಗೆ ಬರುವ ಶಾಂತ ಮೊದಮೊದಲು, "ಯಾರಾದ್ರೂ ಬರೋರಿದ್ದಾರಾ ಆಂಟಿ, ಇನ್ನೊಂಚೂರ್ ಅನ್ನ ಇಡ್ಲಾ?" ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ವಯಸ್ಸಾಯಿತು ಎಂದುಕೊಂಡಿರಬೇಕು. ಎಂಬತ್ತರ ಹತ್ತಿರ ಬಂದ ಹೆಂಗಸಿಗೆ ಇದೊಂದು ಕನ್ವೀನಿಯನ್ಸ್ ನೋಡಿ. ಏನು ಮಾಡಿದರೂ ವಯಸ್ಸಿನ ಮೇಲೆ ಹಾಕಬಹುದು, ಎಕ್ಸ್‌ಪ್ಲೇನ್ ಮಾಡಬೇಕಾಗಿಲ್ಲ.

ನಮ್ಮ ಅಪಾರ್ಟ್‌ಮೆಂಟಿಗೆ ಹಾಗೆ ಯಾರೂ ಸುಮ್ಮನೆ ಬರುವಂತಿಲ್ಲ ಎನ್ನುವುದು ನನಗೂ ಗೊತ್ತು. ಗೇಟಿನಲ್ಲಿ ಸೆಕ್ಯುರಿಟಿಯವನು ಹೆಸರು ಕೇಳುತ್ತಾನೆ, ಎಲ್ಲಿಂದ ಬಂದಿರಿ, ಯಾವ ಮನೆ, ಏನು ಕೆಲಸ, ಎಲ್ಲ ವಿಚಾರಿಸಿ ಫೋಟೋ ಹಿಡಿದು ನನ್ನ ಫೋನಿಗೆ ಕಳಿಸುತ್ತಾನೆ. ಅಲ್ಲಿ ಒಂದು ಹಸಿರು ಬಟನ್, ಒಂದು ಕೆಂಪು ಬಟನ್. ಅಪ್ರೂವ್, ಡಿನೈ. ಮೊನ್ನೆ ಕನ್ನಡಕವಿಲ್ಲದೆ ಕೆಂಪನ್ನು ಒತ್ತಿಬಿಟ್ಟೆ. ಬಂದವಳು ನನ್ನ ಸ್ಕೂಲಿನ ಗೆಳತಿ, ಆರ್‌.ಟಿ. ನಗರದಿಂದ ಬಿಸಿಲಿನಲ್ಲಿ ಆಟೋ ಮಾಡಿಕೊಂಡು ಬಂದಿದ್ದಳು. ಆಮೇಲೆ ಮೇಲೆ ಬಂದು ಫ್ಯಾನಿನ ಕೆಳಗೆ ಕೂತು, "ಇಷ್ಟು ವರ್ಷದ ಫ್ರೆಂಡ್‌ಶಿಪ್ಪು ಕಣೇ, ಒಂದು ಬೆರಳಲ್ಲಿ ಮುಗಿಸ್ಬಿಟ್ಯಲ್ಲ" ಎಂದಳು. ನಕ್ಕೆವು. ಅವಳು ಹೋದ ಮೇಲೆ ನಗು ಬರಲಿಲ್ಲ. ಬಂದವರನ್ನು ಯಾರು, ಎತ್ತ ಎಂದು ಕೇಳುವುದೇ ತಪ್ಪು ಎನ್ನುವ ಒಂದು ಜಾಗದಲ್ಲಿ ಬೆಳೆದವಳು ನಾನು. ನನ್ನ ಬೆರಳಿಗೆ ಆ ಕೆಂಪು ಬಟನ್ ಇನ್ನೂ ಒಗ್ಗಿಲ್ಲ.

ಆ ಜಾಗ ಹೊಂಗೆಮಠ. ಬಳ್ಳಾರಿ ರಸ್ತೆಯಲ್ಲಿ ಯಲಹಂಕ ಬಿಟ್ಟು ಹೆಬ್ಬಾಳದ ಕಡೆ ಬಂದರೆ, ಕೋಗಿಲಿಗೆ ತಿರುಗುವ ಹತ್ತಿರ, ರಸ್ತೆಯಿಂದ ತುಸು ಎತ್ತರದಲ್ಲಿ ಇತ್ತು. ಒಂದು ಸಣ್ಣ ಈಶ್ವರನ ಗುಡಿ, ಅದರ ಬೆನ್ನಿಗೆ ಹಿಂದಿನ ಸ್ವಾಮಿಗಳ ಗದ್ದುಗೆ, ಹೆಂಚಿನ ಒಂದು ಉದ್ದ ಪಡಸಾಲೆ, ದನದ ಕೊಟ್ಟಿಗೆ. ಸುತ್ತ ಹೊಂಗೆ ಮರಗಳು. ಗುಡಿಯ ದೀಪಕ್ಕೆ ಹೊಂಗೆ ಎಣ್ಣೆಯೇ. ಆ ಕಮಟು ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ. ನೀವು ಈಗ ಹುಡುಕಿಕೊಂಡು ಹೋಗಬೇಡಿ. ಮಠ ಇದೆಯಂತೆ, ಗ್ರಾನೈಟ್ ಹಾಕಿಸಿದ್ದಾರಂತೆ, ಕಮಾನಿಗೆ ಸೀರಿಯಲ್ ಲೈಟ್ ಬಿಟ್ಟಿದ್ದಾರಂತೆ. ನಾನು ಹೋಗಿ ನೋಡಿಲ್ಲ. ಐ ಡೋಂಟ್ ವಾಂಟ್ ಟು ನೋ.

ಅಪ್ಪನದು ಊರೂರು ತಿರುಗುವ ಕೆಲಸ. ಅಮ್ಮ ಅವರ ಹಿಂದೆ. ಹಾಗಾಗಿ ನಾನು ಯಲಹಂಕದಲ್ಲಿ ಅಮ್ಮನ ತವರಿನಲ್ಲಿ, ತಾತ ಅಜ್ಜಿಯ ಜೊತೆ ಇದ್ದುಕೊಂಡು, ದಿನಾ ಬಸ್ಸಿನಲ್ಲಿ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಕಾನ್ವೆಂಟಿಗೆ ಹೋಗುತ್ತಿದ್ದೆ. ಸೋಮವಾರ ಬಂತೆಂದರೆ ಸ್ಕೂಲಿನಿಂದ ಬಂದು ಟೈ ಕಿತ್ತೆಸೆದು, ಲಂಗ ಹಾಕಿಕೊಂಡು, ಅಜ್ಜಿಯ ಕೈ ಹಿಡಿದು ಮಠಕ್ಕೆ. ಬೆಳಗ್ಗೆ ಒಂದು ದೇವರು, ಸಂಜೆ ಒಂದು ದೇವರು. ನನ್ನ ಪುಟ್ಟ ತಲೆಯಲ್ಲಿ ಇಬ್ಬರಿಗೂ ಜಾಗ ಇತ್ತು, ಆದರೆ ಮ್ಯಾನರ್ಸ್ ಮಾತ್ರ ಕಲಸುಮೇಲೋಗರ. ಗದ್ದುಗೆಯ ಮುಂದೆ ಒಂದು ಮೊಣಕಾಲೂರಿ ಏಳುತ್ತಿದ್ದೆ. ಎಲ್ಲರೂ "ಹರ ಹರ ಮಹಾದೇವ" ಎಂದು ಗುಡಿ ಅದುರುವಂತೆ ಕೂಗಿದ ಮೇಲೆ ನನ್ನ ಬಾಯಿಂದ ಸಣ್ಣಗೆ ಒಂದು ಆಮೆನ್ ಬೀಳುತ್ತಿತ್ತು. ಇಂಗ್ಲಿಷ್ ಕಾಂಪೋಸಿಷನ್ನಿನಲ್ಲಿ ಹೊಂಗೆಮಠವನ್ನು ಮೊನಾಸ್ಟರಿ ಎಂದು ಬರೆದಿದ್ದೆ. ನಮ್ಮ ಸಿಸ್ಟರ್ ಅದರಲ್ಲಿ ಎಷ್ಟು ಜನ ಮಾಂಕ್‌ಗಳಿದ್ದಾರೆ ಎಂದು ಕೇಳಿದರು. ಒಬ್ಬರೇ ಸಿಸ್ಟರ್, ಉಳಿದದ್ದೆಲ್ಲ ಹಸು ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ನನಗೆ ತಿಳಿಯಲಿಲ್ಲ.

ಆ ಒಬ್ಬ ಮಾಂಕು ನಮ್ಮ ಸ್ವಾಮಿಗಳು. ಎಲ್ಲರೂ ಅವರನ್ನು ಬುದ್ಧಿ ಎನ್ನುತ್ತಿದ್ದರು, ಎದುರಿಗೂ ಹಾಗೇ ಕರೆಯುವುದು. ಕಾವಿ ಬಟ್ಟೆ, ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ, ಸದಾ ಯಾವುದಾದರೊಂದು ಕರುವನ್ನು ಹೂಗಿಡದಿಂದ ಅಟ್ಟುತ್ತಿರುವ ಕೈ. ಪ್ರವಚನ ಎನ್ನುವುದನ್ನು ಅವರ ಬಾಯಲ್ಲಿ ನಾನು ಕೇಳಿದವಳಲ್ಲ. ನನ್ನ ಕಾನ್ವೆಂಟಿಗೆ ಅವರು ಇಟ್ಟ ಹೆಸರು ಇಂಗ್ಲಿಷ್ ಮಠ.

ಸೋಮವಾರ ಸಂಜೆ ಅಲ್ಲಿ ಸೇರುತ್ತಿದ್ದ ಜನ ಒಂದೇ ಥರದವರಲ್ಲ. ಕೋಗಿಲಿನ ಒಕ್ಕಲು ಮಕ್ಕಳು ಹೊಲದಿಂದ ನೇರ ಬರುತ್ತಿದ್ದರು, ಹೆಗಲ ಮೇಲೆ ಒಂದು ಕುಂಬಳಕಾಯಿಯೋ ಒಂದು ಕಟ್ಟು ಸೊಪ್ಪೋ. ರಾಜಾನುಕುಂಟೆಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವವರು, ಗಾಡಿಯೊಳಗೆ ಹುಲ್ಲಿನ ಮೇಲೆ ಮಲಗಿದ ಮುದುಕಿಯರು. ಮಲ್ಲೇಶ್ವರದಿಂದ ಕಾರಿನಲ್ಲಿ ಬರುವ ಜರಿ ಸೀರೆಯವರು. ಅವರು ಬಂದು ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದರು, ಯಾರಾದರೂ ಚಾಪೆ ತಂದು ಹಾಸಿ ಮಾತಾಡಿಸಬಹುದು ಎಂದು. ಯಾರೂ ಹಾಸುತ್ತಿರಲಿಲ್ಲ. ಕಡೆಗೆ ಸೀರೆ ಮುದುರಿಕೊಂಡು ಎಲ್ಲರ ನಡುವೆ ಕೂರುತ್ತಿದ್ದರು. ಅತ್ತ ಕಡೆಯಿಂದ ಏರ್‌ಫೋರ್ಸಿನವರೊಬ್ಬರ ಹೆಂಡತಿ ಬರುತ್ತಿದ್ದರು, ಪಂಜಾಬಿನ ಹೆಂಗಸು. ಭಜನೆಯ ಒಂದು ಅಕ್ಷರವೂ ಬಾರದು, ತಾಳ ಮಾತ್ರ ಎಲ್ಲರಿಗಿಂತ ಸರಿ.

ಭಜನೆ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಾ ಬರುತ್ತಿತ್ತು. ಇನ್ನೇನು ಮಹಾಮಂಗಳಾರತಿ ಎನ್ನುವಾಗ ಎಲ್ಲವೂ ನಿಲ್ಲುತ್ತಿತ್ತು. ಆಗ ಕೋಗಿಲಿನ ನಂಜಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು, ಬಾಗಿಲ ಪಕ್ಕದ ಗುಂಡುಕಲ್ಲಿನ ಮೇಲೆ ಹತ್ತಿ ನಿಂತು, ರಸ್ತೆಯ ಕಡೆ ಮುಖ ಮಾಡಿ ಕೂಗುತ್ತಿದ್ದಳು.

"ದಾರೀಲಿರೋರು ಬರ್ರಪ್ಪೋ... ಅಸಿದೋರು ಬರ್ರಪ್ಪೋ... ದೀಪ ಕಾಯ್ತದೆ ಬರ್ರಪ್ಪೋ..."

ನಂಜಮ್ಮನ ಗಂಟಲು ಎಂಥದ್ದೆಂದರೆ, ರೈಲ್ವೆ ಗೇಟಿನ ಹತ್ತಿರ ಮೇಯುವ ಕುರಿ ತಲೆ ಎತ್ತುತ್ತಿತ್ತು. ಕೂಗಿ ಸ್ವಲ್ಪ ಹೊತ್ತು ಕಾಯುವುದು. ರಸ್ತೆಯಲ್ಲಿ ಹೋಗುವ ಯಾರೇ ಆಗಲಿ "ಬಂದೆ" ಎಂದರೆ ಸಾಕು, ಅವರು ಹತ್ತಿ ಬಂದು, ಕಾಲು ತೊಳೆದು, ಒಳಗೆ ನಿಲ್ಲುವ ತನಕ ಕರ್ಪೂರ ಹಚ್ಚುವಂತಿಲ್ಲ. ಕೂಗುವಾಗ ಯಾರ ಹೆಸರನ್ನೂ ಹೇಳಬಾರದು. ಬಂದವರ ಹೆಸರು, ಊರು, ಜಾತಿ ಕೇಳಬಾರದು. ಆರತಿಯಾದ ಮೇಲೆ ಪಡಸಾಲೆಯ ಮೊದಲ ಎಲೆ ಅವರಿಗೆ. ಕೂಗಿದವರೇ ತಮ್ಮ ಕೈಯಿಂದ ಅವರಿಗೆ ಬಡಿಸಬೇಕು, ಬಡಿಸಿ ಅವರ ಊಟ ಮುಗಿಯುವವರೆಗೆ ಮಠದ ಹೊಸ್ತಿಲು ದಾಟಬಾರದು. ಯಾರೂ ಬಾರದಿದ್ದರೂ ಆ ಎಲೆ ಹಾಕುತ್ತಿದ್ದರು, ಬಡಿಸುತ್ತಿದ್ದರು, ಆಮೇಲೆ ಅದು ಹಸುವಿಗೆ. ಬಾರದವರ ಎಲೆ ಎಂದು ಅದಕ್ಕೆ ಹೆಸರು.

ಒಂದು ಸಲ, ಕಾರು ಕೆಟ್ಟು ರೈಲಿನಲ್ಲಿ ಬಂದ ಮಲ್ಲೇಶ್ವರದವರನ್ನು ಸ್ಟೇಷನ್ನಿನಿಂದ ಕರೆತಂದಿದ್ದ ಜಟಕಾದ ಬಾಷಾ ಸಾಹೇಬರು ಕೆಳಗೆ ರಸ್ತೆಯಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದರು. ಮೇಲಿನಿಂದ ಯಾರೋ ಸಾಬರೇ ಗಾಡಿ ತನ್ನಿ ಎಂದಿದ್ದಾರೆ. "ಬಂದೇ" ಎಂದು ಅವರು ಕೂಗಿದ್ದೂ, ನಂಜಮ್ಮನ ಕೂಗು ಮುಗಿದದ್ದೂ ಒಂದೇ ಗಳಿಗೆ. ಆಯಿತಲ್ಲ. ಮಾತು ಬಂದಾಗಿತ್ತು, ಆರತಿ ಕಾಯಬೇಕಾಯಿತು. ಅವರು ಕೈಮುಗಿದು, "ನೈ ನೈ ಅಮ್ಮಾ, ನಾನು ಬಾಡಿಗೆಗೆ ಬಂದಿರೋನು" ಎಂದು ಎಷ್ಟು ಹೇಳಿದರೂ ನಂಜಮ್ಮ ಕೇಳಲಿಲ್ಲ. ನಾವು ಎಲ್ರೂ ಬಾಡಿಗೆಗೇ ಬಂದಿರೋದು, ಕಾಲ್ ತೊಳ್ಕೊ ಬಾಪ್ಪಾ ಎಂದು ಚೊಂಬು ಕೈಗೆ ಕೊಟ್ಟಳು. ಮೊದಲ ಎಲೆಯಲ್ಲಿ ಕೂತು ಪಾಯಸ ಉಂಡರು ಬಾಷಾ ಸಾಹೇಬರು. ಮುಂದೆ ಅವರ ಜಟಕಾ ಸೋಮವಾರ ಅದೇ ಹೊತ್ತಿಗೆ ಆ ದಾರಿಯಲ್ಲಿ ಹೋಗುವುದು ಜಾಸ್ತಿಯಾಯಿತು ಎಂದು ಅಜ್ಜಿ ನಗುತ್ತಿದ್ದರು.

ಬುದ್ಧಿಯವರು ಒಮ್ಮೆ ನನ್ನನ್ನು ಕೇಳಿದರು, ನಿಮ್ಮ ಇಂಗ್ಲಿಷ್ ಮಠದಲ್ಲಿ ಪೂಜೆಗೆ ಮುಂಚೆ ಜನರನ್ನು ಹೇಗೆ ಕರೆಯುತ್ತಾರೆ ಎಂದು. ದೊಡ್ಡ ಗಂಟೆ ಬಾರಿಸುತ್ತಾರೆ ಎಂದೆ, ಸ್ವಲ್ಪ ಜಂಬದಿಂದಲೇ. ಅವರು ಯೋಚನೆ ಮಾಡಿ, "ಗಂಟೆ ಹೊಡೆದ್ರೆ ಹೊತ್ತಾಯ್ತು ಅಂತ ಗೊತ್ತಾಗ್ತದೆ ಮಗು. ನನ್ನನ್ನೇ ಕರೀತಿದ್ದಾರೆ ಅಂತ ಗೊತ್ತಾಗ್ಬೇಕಾದ್ರೆ ಮನುಷ್ಯರ ಗಂಟಲೇ ಬೇಕು" ಎಂದರು. ಎಂದವರು ಮತ್ತೆ ಕರು ಅಟ್ಟಲು ಹೋದರು.

ಈಗ ತಾತನ ವಿಷಯ ಹೇಳಬೇಕು. ತಾತ ರೆವಿನ್ಯೂ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ರಿಟೈರ್ ಆದವರು. ಇಲಾಖೆಯಿಂದ ಮಾತ್ರ. ಮನೆಯಲ್ಲಿ ಇನ್ನೂ ಸರ್ವಿಸಿನಲ್ಲಿದ್ದರು. ಅವರ ಬಾಯಿಂದ ಬಂದದ್ದು ಆರ್ಡರ್, ಪಾಸಾದ ಆರ್ಡರನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಒಂದು ಬೆಳಗ್ಗೆ ಕಾಫಿ ರುಚಿಗೆಟ್ಟಿದೆ ಎಂದು ಸಿಟ್ಟಾಗಿ, ಇನ್ನು ಈ ಮನೆಯಲ್ಲಿ ಕಾಫಿಯೇ ಬೇಡ ಎಂದುಬಿಟ್ಟರು. ಮುಗಿಯಿತು. ಅಂದಿನಿಂದ ತಾತ ವಾಕಿಂಗ್ ಎಂಬ ಹೆಸರಿನಲ್ಲಿ ರೈಲ್ವೆ ಸ್ಟೇಷನ್ನಿನ ತನಕ ನಡೆದು, ಅಲ್ಲಿ ಕಾಫಿ ಕುಡಿದು ಬರುತ್ತಿದ್ದರು. ಅಜ್ಜಿ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಕಾಸಿಕೊಳ್ಳುತ್ತಿದ್ದರು. ಹಿತ್ತಲು ಮನೆಯಲ್ಲವಲ್ಲ. ಒಬ್ಬರದು ಇನ್ನೊಬ್ಬರಿಗೆ ಗೊತ್ತು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಕಾಫಿಯ ಆರ್ಡರಿನ ಜೊತೆ ಹೀಗೆ ಬದುಕಬಹುದು. ಸರೋಜ ಚಿಕ್ಕಮ್ಮನ ಆರ್ಡರಿನ ಜೊತೆ ಆಗುತ್ತಿರಲಿಲ್ಲ.

ಸರೋಜ ಚಿಕ್ಕಮ್ಮ ಅಮ್ಮನ ತಂಗಿ, ತಾತನ ಕಡೇ ಮಗಳು. ಟೈಪಿಂಗ್ ಪಾಸು ಮಾಡಿ ಹೆಬ್ಬಾಳದ ಕಡೆ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜೋಸೆಫ್ ಎನ್ನುವವರ ಪರಿಚಯವಾಗಿ, ಮನೆಯಲ್ಲಿ ಹೇಳಿ, ಬೈಸಿಕೊಂಡು, ಅತ್ತು, ಕಡೆಗೆ ರಿಜಿಸ್ಟರ್ ಮದುವೆ ಮಾಡಿಕೊಂಡಳು. ಜೋಸೆಫ್ ಕ್ರಿಶ್ಚಿಯನ್ ಎನ್ನುವುದು ಒಂದು. ಅವರ ಕೆಲಸ ಸರ್ಕಾರಿ ಕೋಳಿ ಫಾರಮ್ಮಿನಲ್ಲಿ ಎನ್ನುವುದು ಇನ್ನೊಂದು. ಮೊಟ್ಟೆ ಮುಟ್ಟಿದರೆ ತಲೆಗೆ ಸ್ನಾನ ಮಾಡುವ ಮನೆ ನಮ್ಮದು. ತಾತನಿಗೆ ಯಾವುದು ಹೆಚ್ಚು ನಾಟಿತೋ ನನಗೆ ಇವತ್ತಿಗೂ ತಿಳಿಯದು. ಅಜ್ಜಿಯ ಪ್ರಕಾರ ಕೋಳಿ. ನಡುಮನೆಯಲ್ಲಿ ನೆಂಟರೆಲ್ಲ ಇರುವಾಗ ತಾತ ಆರ್ಡರ್ ಹೊರಡಿಸಿದರು: ಅವಳಿರುವ ಕಡೆ ನಾನಿರುವುದಿಲ್ಲ, ಅವಳು ಒಳಗೆ ಬಂದರೆ ನಾನು ಹೊರಗೆ. ಮನೆಯಾದರೂ ಅಷ್ಟೇ, ಮಠವಾದರೂ ಅಷ್ಟೇ.

ಮದುವೆಯಾಗಿ ಎಷ್ಟೋ ತಿಂಗಳಾದ ಮೇಲೆ ಒಂದು ಸೋಮವಾರ, ನಂಜಮ್ಮನ ಕೂಗಿಗೆ ಯಾರು ಬರಬಹುದು ಎಂದು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ರಸ್ತೆಯ ಆಚೆ ಬಸ್‌ಸ್ಟಾಪಿನ ಹೊಂಗೆ ಮರದ ಕೆಳಗೆ ಕಪ್ಪು ಕೊಡೆ ಹಿಡಿದು ಚಿಕ್ಕಮ್ಮ ನಿಂತಿದ್ದಳು. ಅಲ್ಲಿಂದ ಆರತಿಯ ಬೆಳಕು ಕಾಣುತ್ತದೆ. ಬೆಳಕು ಕಂಡಾಗ ಕೈಮುಗಿದಳು. ಹೆಬ್ಬಾಳದ ಬಸ್ ಬಂತು, ಹತ್ತಿ ಹೋದಳು. ಮುಂದಿನ ಸೋಮವಾರವೂ ಹಾಗೇ. ಅದರ ಮುಂದಿನದೂ ಹಾಗೇ.

ಅಜ್ಜಿಗೆ ಹೇಳಿದೆ. ಅಜ್ಜಿ ಒಂದು ದೊನ್ನೆಗೆ ಪ್ರಸಾದ ಹಾಕಿ ನನ್ನ ಕೈಗೆ ಕೊಟ್ಟು, ಹೋಗು, ಆ ಮರಕ್ಕೆ ಕೊಟ್ಟು ಬಾ ಎಂದರು. ಅಂದಿನಿಂದ ನಾನು ಸೋಮವಾರ ಸೋಮವಾರ ಮರಕ್ಕೆ ಪ್ರಸಾದ ಕೊಡುವವಳಾದೆ. ತಾತ ಆ ಹೊತ್ತಿಗೆ ಸರಿಯಾಗಿ ಗದ್ದುಗೆಯ ಕಡೆ ತಿರುಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಶಿರಸ್ತೇದಾರರ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ ಎಂದು ನಮ್ಮೂರಿನಲ್ಲಿ ಹೇಳುತ್ತಿದ್ದರು. ಆದರೆ ಕಣ್ಣಿಗೆ ಬಿದ್ದದ್ದೆಲ್ಲ ರೆಕಾರ್ಡಿಗೆ ಹೋಗಬೇಕೆಂದೇನೂ ಇಲ್ಲ.

ಒಂದು ದಿನ ದೊನ್ನೆ ಕೊಡುತ್ತಾ ಚಿಕ್ಕಮ್ಮನನ್ನು ಕೇಳಿದೆ. "ನಂಜಮ್ಮ ಕೂಗ್ತಾಳಲ್ಲ. ನೀನೂ ಬಂದೆ ಅಂದ್ಬಿಡು. ಆಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ."

ಚಿಕ್ಕಮ್ಮ ನನ್ನ ಜಡೆಯ ರಿಬ್ಬನ್ ಸರಿಮಾಡುತ್ತಾ, "ನಾನು ಒಳಗ್ ಬಂದ್ರೆ ಅಪ್ಪ ಎದ್ದು ಹೊರಗೆ ಹೋಗ್ತಾರೆ ಕಣೇ. ಹೋದೋರು ತಿರುಗ ಬರಲ್ಲ, ಗೊತ್ತಲ್ಲ ನಿಂಗೆ. ಅವರಿಗೆ ಇರೋದು ಇದೊಂದೇ ಜಾಗ. ನಂಗೆ ಮರ ಸಾಕು" ಎಂದಳು.

ಅದು ನಿಜ. ರಿಟೈರ್ ಆದ ಮೇಲೆ ತಾತನಿಗೆ ಆ ಸೋಮವಾರ ಬಿಟ್ಟರೆ ಬೇರೆ ಏನಿತ್ತು. ಆ ಪಡಸಾಲೆಯ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುವಾಗ ಮಾತ್ರ ಅವರ ಮುಖ ಸಡಿಲವಾಗುತ್ತಿತ್ತು. ಅದನ್ನು ಅವರಿಂದ ಕಿತ್ತುಕೊಳ್ಳಲು ಚಿಕ್ಕಮ್ಮನಿಗೆ ಮನಸ್ಸಿರಲಿಲ್ಲ.

ಕಾರ್ತಿಕದ ಮೊದಲ ಸೋಮವಾರ ಮರದ ಹತ್ತಿರದಿಂದ ಬಂದು ಅಜ್ಜಿಗೆ ಒಂದು ನ್ಯೂಸ್ ಕೊಟ್ಟೆ. ಚಿಕ್ಕಮ್ಮ ದಪ್ಪ ಆಗಿದ್ದಾಳೆ ಅಜ್ಜಿ, ಹೊಟ್ಟೆ ಇಷ್ಟು ದಪ್ಪ. ಕಾನ್ವೆಂಟಿನಲ್ಲಿ ಭೂಗೋಳ, ಹೊಲಿಗೆ, ಪಿಯಾನೋ ಎಲ್ಲ ಹೇಳಿಕೊಡುತ್ತಿದ್ದರು, ಇದೊಂದನ್ನು ಹೇಳಿಕೊಡುತ್ತಿರಲಿಲ್ಲ. ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಚೊಚ್ಚಲ ಬಸುರಿಯನ್ನು ತಾಯಿ ಮನೆಗೆ ಕರೆತಂದು, ಬಾಯಿ ರುಚಿಗೆ ಬೇಕಾದ್ದು ಮಾಡಿ ಹಾಕಿ ಸಾಕುವ ಕಾಲ ಅದು. ಮಗಳು ಬಸ್‌ಸ್ಟಾಪಿನಲ್ಲಿ ದೊನ್ನೆಯ ಪ್ರಸಾದ ತಿನ್ನುತ್ತಿದ್ದಾಳೆ. ಆ ವಾರವೆಲ್ಲ ನಂಜಮ್ಮ ಸೊಪ್ಪು ಮಾರುವ ನೆವದಲ್ಲಿ ದಿನಾ ನಮ್ಮ ಹಿತ್ತಲಿಗೆ ಬಂದಳು. ಅಜ್ಜಿಯೂ ಅವಳೂ ಆ ಮೂರು ಕಲ್ಲಿನ ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಾ ಗುಸುಗುಸು ಮಾತಾಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ಸೊಪ್ಪಿನ ಮೇಲೆ ಬರುತ್ತಿತ್ತು.

ಮುಂದಿನ ಸೋಮವಾರ ನಂಜಮ್ಮ ಮಠಕ್ಕೆ ಬಂದದ್ದು ಕೊರಳಿಗೆ ಬಟ್ಟೆ ಸುತ್ತಿಕೊಂಡು. ಕೇಳಿದವರಿಗೆಲ್ಲ ಗಂಟಲು ಮುಟ್ಟಿ ತೋರಿಸಿ ಕೈಯಾಡಿಸುತ್ತಿದ್ದಳು, ಸ್ವರ ಬಿದ್ದುಹೋಗಿದೆ ಎಂದು. ನನಗೆ ಆಶ್ಚರ್ಯ. ಒಂದು ಗಂಟೆ ಮುಂಚೆ ನಾನು ಸ್ಕೂಲ್ ಬ್ಯಾಗ್ ಹೊತ್ತು ಬಸ್ಸಿಳಿದಾಗ ಅವಳು ಯಾರದೋ ಮೇಕೆಗೆ, ಮೇಕೆಯ ಯಜಮಾನನಿಗೆ, ಅವನ ವಂಶಕ್ಕೆ ಎಲ್ಲ ಸೇರಿಸಿ ಬೈಯುತ್ತಿದ್ದದ್ದು ಬಸ್ಸಿನೊಳಗಿದ್ದವರಿಗೂ ಕೇಳಿಸುತ್ತಿತ್ತು. ಅಜ್ಜಿಯ ಮುಖ ನೋಡಿದೆ. ಅಜ್ಜಿ ಹೂ ಕಟ್ಟುತ್ತಿದ್ದರು.

ಭಜನೆ ಮುಗಿಯಿತು. ಕಾರ್ತಿಕವಾದ್ದರಿಂದ ಜನ ಬಾಗಿಲ ತನಕ ತುಂಬಿದ್ದರು. ಗುಂಡುಕಲ್ಲಿನ ಮೇಲೆ ಯಾರೂ ಇಲ್ಲ. ಬುದ್ಧಿಯವರು ಕನ್ನಡಕದ ಮೇಲಿನಿಂದ ಒಮ್ಮೆ ಎಲ್ಲರನ್ನೂ ನೋಡಿ, ಇವತ್ತು ಶಿರಸ್ತೇದಾರರು ಕೂಗಲಿ ಎಂದರು.

ತಾತ ಕಣ್ಣು ಬಿಟ್ಟರು. "ನನಗೆ ಅಭ್ಯಾಸ ಇಲ್ಲ ಬುದ್ಧಿ."

"ಕರೆಯೋದಕ್ಕೆ ಅಭ್ಯಾಸ ಏನ್ ಬೇಕು. ಏಳಿ, ದೀಪ ಕಾಯ್ತಿದೆ."

ಬುದ್ಧಿಯವರ ಮಾತಿಗೆ ಇಲ್ಲ ಎನ್ನುವವರು ಆ ಸೀಮೆಯಲ್ಲಿ ಇರಲಿಲ್ಲ. ತಾತ 'ಶಿವಾ' ಎಂದು ಎದ್ದರು, ಪಂಚೆ ಸರಿಮಾಡಿಕೊಂಡರು, ಕಲ್ಲಿನ ಮೇಲೆ ಹತ್ತದೆ ಅದರ ಪಕ್ಕ ನಿಂತರು. ಗಂಟಲು ಸರಿಮಾಡಿಕೊಂಡು, ಎದುರಿಗೆ ಯಾರನ್ನೂ ನೋಡದೆ ಹೇಳಿದರು: "ದಾರಿಯಲ್ಲಿ ಇರತಕ್ಕವರು ಬರಬಹುದು."

ಜನ ಮುಸಿಮುಸಿ ನಕ್ಕರು. ನಂಜಮ್ಮ ಹತ್ತಿರ ಹೋಗಿ ಪಿಸುಗುಟ್ಟಿದಳು. "ಅಂಗಲ್ಲ ಸ್ವಾಮಿ. ನೋಟೀಸು ಓದ್ದಂಗಾಯ್ತು. ಒಟ್ಟೆಯಿಂದ ಕೂಗ್ಬೇಕು, ರಸ್ತೆ ನೋಡ್ಕಂಡು."

ತಾತ ರಸ್ತೆ ನೋಡಿದರು. ನಾನು ಅವರ ಪಕ್ಕದಲ್ಲೇ ಇದ್ದೆ. ಆಚೆ ಮರದ ಕೆಳಗೆ ಕಪ್ಪು ಕೊಡೆ ಇತ್ತು. ಸಣ್ಣ ಸೋನೆ ಬೀಳುತ್ತಿತ್ತು. ಚಿಕ್ಕಮ್ಮ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು ಹಿಂದಕ್ಕೆ ವಾಲಿ ನಿಂತಿದ್ದಳು, ದಿನ ತುಂಬುತ್ತಿರುವ ಹೆಂಗಸರು ನಿಲ್ಲುವಂತೆ. ಕಲ್ಲಿನ ಪಕ್ಕ ನಿಂತಿರುವುದು ಯಾರೆಂದು ಅವಳಿಗೂ ಕಂಡಿರಬೇಕು. ಕೊಡೆ ಸ್ವಲ್ಪ ಕೆಳಗೆ ಬಂತು, ಮುಖ ಮರೆಯಾಯಿತು.

ಒಳಗೆ ಯಾರೋ ಕೆಮ್ಮಿದರು. ಮಲ್ಲೇಶ್ವರದವರ ಮಗುವೊಂದು ಯಾಕೆ ನಿಲ್ಲಿಸಿದರು ಎಂದು ಕೇಳಿತು. ತಾತ ಈಗ ತಿರುಗಿ ಬಂದು ಕೂತರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ಸಲ ಕೂಗಿಯಾಗಿತ್ತಲ್ಲ, ನೋಟೀಸಿನ ಥರವೇ ಆಗಲಿ. ತಾತ ಗುಂಡುಕಲ್ಲಿನ ಮೇಲೆ ಹತ್ತಿದರು.

"ದಾರೀಲಿರೋರು ಬರ್ರಪ್ಪೋ... ಹಸಿದೋರು ಬರ್ರಪ್ಪೋ..."

ತಾತನ ಎದೆಯಲ್ಲಿ ಅಂಥ ಸ್ವರ ಇದ್ದದ್ದು ನನಗೆ ಗೊತ್ತಿರಲಿಲ್ಲ. ಕಡೆಯಲ್ಲಿ ಅದು ಒಡೆಯಿತು. 'ದೀಪ ಕಾಯ್ತದೆ' ಎನ್ನುವುದು ಪೂರ್ತಿ ಹೊರಡಲಿಲ್ಲ.

ಅಷ್ಟರಲ್ಲಿ ಹೆಬ್ಬಾಳದ ಬಸ್ ಬಂದು ನಮಗೂ ಮರಕ್ಕೂ ನಡುವೆ ನಿಂತಿತು. ಕಂಡಕ್ಟರ್ ಏನೋ ಹೇಳಿದ. ಯಾರೋ ಇಳಿದರು, ಯಾರೋ ಹತ್ತಿದರು. ತಾತ ಕಲ್ಲಿನ ಮೇಲಿಂದ ಇಳಿಯಲಿಲ್ಲ. ಅಜ್ಜಿ ಕಟ್ಟುತ್ತಿದ್ದ ಹೂವಿನ ದಾರ ಕೈಯಲ್ಲಿ ಹಾಗೇ ಇತ್ತು. ಬಸ್ ಹೊಗೆ ಬಿಟ್ಟುಕೊಂಡು ಹೋಯಿತು. ಚಿಕ್ಕಮ್ಮ ಅಲ್ಲೇ ಇದ್ದಳು. ಕೊಡೆ ಮಡಚಿದ್ದಳು.

"ಬಂದೆ" ಎಂದಳು. ಸಣ್ಣ ಸ್ವರ. ಕೇಳಿಸಿಕೊಳ್ಳಲೆಂದೇ ಕಾದವರಿಗೆ ಮಾತ್ರ ಕೇಳಿಸುವಂಥದ್ದು.

ಅವಳು ರಸ್ತೆ ದಾಟಿ, ಏರು ಹತ್ತಿ ಬರುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಆರತಿ ಕಾಯಿತು. ಬಂದು ಬಾಗಿಲಲ್ಲಿ ಕಾಲು ತೊಳೆದುಕೊಂಡಳು. ಯಾರೂ ಏನೂ ಕೇಳಲಿಲ್ಲ. ಕೇಳಬಾರದಲ್ಲ. ಬುದ್ಧಿಯವರು ಅವಳ ಹಣೆಗೂ ಎಲ್ಲರಿಗೆ ಇಟ್ಟಂತೆ ವಿಭೂತಿ ಇಟ್ಟರು. ಅಜ್ಜಿ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಮುಖ ಮಾಡಿ ನಿಂತಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು. ತಾತ ಹೊರಗೆ ಹೋಗುವಂತಿರಲಿಲ್ಲ. ಕೂಗಿದವರು ಬಡಿಸಿ ಮುಗಿಸುವ ತನಕ ಹೊಸ್ತಿಲು ದಾಟುವ ಹಾಗಿಲ್ಲ. ಅವಳಿರುವ ಕಡೆ ನಾನಿರುವುದಿಲ್ಲ ಎನ್ನುವುದು ತಾತನ ಆರ್ಡರು. ಇದು ಮಠದ್ದು. ದೊಡ್ಡ ಆಫೀಸಿನ ಆರ್ಡರ್ ಬಂದರೆ ಸಣ್ಣ ಆಫೀಸಿನದು ತಾನಾಗಿ ಬೀಳುತ್ತದೆ ಎನ್ನುವುದು ಇಲಾಖೆಯಲ್ಲಿ ತಲೆ ನರೆಸಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಂಜಮ್ಮ, ಅಜ್ಜಿ, ಬುದ್ಧಿಯವರು, ಮೂವರೂ ಸೇರಿ ಮಾಡಿದ್ದೋ, ಇಬ್ಬರು ಮಾಡಿದ್ದಕ್ಕೆ ಮೂರನೆಯವರು ಸುಮ್ಮನಿದ್ದದ್ದೋ, ನಾನು ದೊಡ್ಡವಳಾದ ಮೇಲೂ ಕೇಳಲಿಲ್ಲ. ಕೆಲವು ವಿಷಯ ಕೇಳದಿದ್ದರೇ ಚೆಂದ.

ಮೊದಲ ಎಲೆ ಚಿಕ್ಕಮ್ಮನಿಗೆ. ಅವಳ ಪಕ್ಕದಲ್ಲಿ ನಾನು ಓಡಿಹೋಗಿ ಕೂತೆ. ತಾತ ಶಲ್ಯ ಸೊಂಟಕ್ಕೆ ಬಿಗಿದು ಬಡಿಸಲು ಬಂದರು. ಮನೆಯಲ್ಲಿ ಒಂದು ಲೋಟ ನೀರು ತಾವಾಗಿ ಬಗ್ಗಿಸಿಕೊಂಡವರಲ್ಲ. ಉಪ್ಪು ಹಾಕಿದರು, ಕೋಸಂಬರಿ ಹಾಕಿದರು, ಅನ್ನ ಹಾಕಿದರು. ಬಂದ ಅತಿಥಿಯ ಮುಖ ನೋಡಲಿಲ್ಲ. ಅತಿಥಿಯೂ ಎಲೆಯಿಂದ ಕಣ್ಣೆತ್ತಲಿಲ್ಲ. ಪರಸ್ಥಳದವರಿಗೆ ಹೇಳುವಂತೆ ಸಾವಕಾಶವಾಗಿ ಆಗಲಿ ಎಂದು ಒಂದು ಮಾತು ಹೇಳಿ ಒಳಗೆ ಹೋದರು. ಅಜ್ಜಿಯ ಬೆನ್ನು ಇನ್ನಷ್ಟು ಬಾಗಿತು. ಮಗಳು ಒಳಗೆ ಬಂದಿದ್ದಳು, ಆದರೆ ದಾರಿಹೋಕಳಾಗಿ. ಬಾಷಾ ಸಾಹೇಬರು ಬಂದಂತೆ. ಉಂಡು, ಕೈತೊಳೆದು, ಮತ್ತೆ ದಾರಿ ಹಿಡಿಯುವವಳಾಗಿ.

ತಾತ ಪಲ್ಯದ ಬಕೆಟ್ ಹಿಡಿದು ಬಂದರು. ಅಂದು ಕೋಗಿಲಿನವರು ತಂದಿದ್ದ ಎಳೆ ಬದನೆಕಾಯಿಯ ಪಲ್ಯ. ಸೌಟು ತುಂಬಿ ಎತ್ತಿದರು. ಚಿಕ್ಕಮ್ಮನ ಎಲೆಯ ಮೇಲೆ ಅದು ಒಂದು ಕ್ಷಣ ನಿಂತಿತು. ಮತ್ತೆ ಬಕೆಟಿಗೆ ಹೋಯಿತು. ತಾತ ಮುಂದಕ್ಕೆ ಹೆಜ್ಜೆ ಇಟ್ಟರು.

ಮೊದಲ ಎಲೆಗೆ ಯಾವುದನ್ನೂ ತಪ್ಪಿಸುವಂತಿಲ್ಲ. ಬಾಗಿಲ ಹತ್ತಿರ ಕೂತಿದ್ದ ನಂಜಮ್ಮ ಕೊರಳಿನ ಬಟ್ಟೆ ಮರೆತು, ಎಂದಿನ ತನ್ನ ಗಂಟಲಿನಲ್ಲಿ, "ಸ್ವಾಮಿ, ಆ ಎಲೆಗೆ ಪಲ್ಯ ಬೀಳ್ಲಿಲ್ಲ" ಎಂದು ಕೂಗಿದಳು.

ಪಡಸಾಲೆಗೆ ಪಡಸಾಲೆಯೇ ತಿರುಗಿ ನೋಡಿತು.

ತಾತ ತಲೆ ಎತ್ತಲಿಲ್ಲ. "ಅವಳಿಗೆ ಬದನೆಕಾಯಿ ಆಗಲ್ಲ" ಎಂದರು. "ಚಿಕ್ಕೋಳಿದ್ದಾಗಿಂದ್ಲೂ ಮೈಯೆಲ್ಲ ದದ್ದು ಏಳುತ್ತೆ."

ಹೇಳಿ ಮುಂದಿನ ಎಲೆಗೆ ಬಂದರು. ಅದು ನನ್ನದು. ಎಣಿಸದೆ ಎರಡು ಸೌಟು ಸುರಿದರು. ಚಿಕ್ಕಮ್ಮನ ಪಾಲಿನ ಬದನೆಕಾಯಿಯೂ ನನ್ನ ಎಲೆಗೇ ಬಿತ್ತು.